ವಾತಾಪಿಯ ಎಡ ಮಗ್ಗುಲು

ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ಮನೋಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಹಿಡಿದು, ತೊಡೆಯ ಮೇಲೆ ತಗಡಿನ ಡಬ್ಬಿ ಇಟ್ಟುಕೊಂಡು ಕೂತ ಮೇಲೆ ಗಂಗಯ್ಯನಿಗೆ ತಾನು ಹೊರಟಿರುವುದು ರೋಗಿಯನ್ನು ನೋಡುವುದಕ್ಕೋ ಸೋಲಿಸುವುದಕ್ಕೋ ಎಂಬ ಅನುಮಾನ ಬಂತು. ಬೆಳಿಗ್ಗೆ ಬೈಲಹೊಂಗಲದ ಮನೆಯಲ್ಲಿ ಹೆಂಡತಿ, 'ಮಾತಾಡಿಸಿ ಬರಾಕ ಹೊಂಟವರಿಗೆ ಗೊಂಬಿ ಡಬ್ಬಿ ಯಾಕ ಬೇಕು?' ಎಂದು ಕೇಳಿದ್ದಳು. 'ಸರ್ ತಾ ಅಂದಾರ' ಎಂದಿದ್ದ. ಸರ್ ಅಂದಿರಲಿಲ್ಲ. ಸರ್ ಏನಾದರೂ ಅನ್ನುವ ಸ್ಥಿತಿಯಲ್ಲಿದ್ದಾರೆಯೇ ಎಂಬುದೂ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟು: ಮೂರು ತಿಂಗಳ ಹಿಂದೆ ನಿಜಗುಣಪ್ಪ ಸರ್ ಅವರಿಗೆ ಲಕ್ವಾ ಹೊಡೆದು ಎಡಗೈ ಎಡಗಾಲು ಬಿದ್ದಿದ್ದವು, ನಾಳೆ ಮಗಳು ಉಮಾಶ್ರೀ ಬಂದು ಅಪ್ಪ ಅವ್ವ ಇಬ್ಬರನ್ನೂ ರಾಮದುರ್ಗದ ತನ್ನ ಮನೆಗೆ ಕರೆದುಕೊಂಡು ಹೋಗುವವಳಿದ್ದಳು, ಆ ಮನೆಯಲ್ಲಿ ಸರ್ ಅವರ ಮೇಜು ಹಿಡಿಯುವುದಿಲ್ಲ. ಅಂದರೆ ಆಟ ಉಳಿದಿದ್ದರೆ ಇವತ್ತಿನದೊಂದೇ. ಹನ್ನೊಂದು ವರ್ಷ, ರಜೆಯ ರವಿವಾರಗಳೆಲ್ಲ, ಅವನು ಆ ಮೇಜಿನ ಮುಂದೆ ಕೂತಿದ್ದ. ಒಂದು ಸಲವೂ ಗೆದ್ದಿರಲಿಲ್ಲ. ಕಂಡಕ್ಟರು ಬಂದು, ಹಣೆಯ ವಿಭೂತಿ ನೋಡಿ ದನಿ ತಗ್ಗಿಸಿ, 'ಡಬ್ಬ್ಯಾಗ ಏನೈತ್ರಿ ಅಯ್ನಾರ, ಪ್ರಸಾದ?' ಎಂದ. ಒಳಗೆ ಆರು ಹಲಗೆ ಕುದುರೆ, ಎರಡು ಆನೆ, ಮೂರು ಸಾಲು ಬಿಲ್ಲಾಳುಗಳು ಸೇರಿ ಏಳನೆಯ ಶತಮಾನದ ಪಲ್ಲವರ ಸೈನ್ಯ ಹತ್ತಿಯ ಮೇಲೆ ಅಂಗಾತ ಮಲಗಿತ್ತು. 'ಔಷಧ' ಎಂದ ಗಂಗಯ್ಯ. ಕಂಡಕ್ಟರು ಡಬ್ಬಿಗೆ ಕೈ ಮುಗಿದು ಮುಂದೆ ಹೋದ.

ಈ ಆಟವನ್ನು ಸರ್ ಪುಣೆಯಲ್ಲಿ ಯಾವುದೋ ತರಬೇತಿಗೆ ಹೋದಾಗ ನೋಡಿ ಬಂದಿದ್ದರು. ಹಳೆಯ ಬಾಗಿಲೊಂದನ್ನು ಕಾಲುಗಳ ಮೇಲೆ ನಿಲ್ಲಿಸಿ ಮೇಜು ಮಾಡಿ, ಹಸಿರು ಬಟ್ಟೆ ಹಾಸಿ, ಅರ್ಧ ಬೆರಳೆತ್ತರದ ಸೀಸದ ಸೈನಿಕರನ್ನು ಬೆಂಕಿಪೆಟ್ಟಿಗೆಯಷ್ಟಗಲದ ಹಲಗೆಗಳಿಗೆ ಅಂಟಿಸಿ ನಿಲ್ಲಿಸುವುದು. ಸರದಿಯ ಮೇಲೆ ದಾಳ ಎಸೆದು, ಎಷ್ಟು ಬಿತ್ತೋ ಅಷ್ಟು ಹಲಗೆಗಳನ್ನು ಕಡ್ಡಿಯಿಂದ ಅಳೆದು ಸರಿಸುವುದು. ಎರಡು ಹಲಗೆ ಎದುರಾದರೆ ಮತ್ತೆ ದಾಳ, ಕಡಿಮೆ ಬಿದ್ದವನು ಹಿಂದೆ ಸರಿಯಬೇಕು ಇಲ್ಲವೆ ಸಾಯಬೇಕು. ಎದುರಾಳಿಯ ಪಾಳೆಯ ಹಿಡಿದವನು ಗೆದ್ದ. ಸೀಸ ಕರಗಿಸಿ ಅಚ್ಚಿಗೆ ಹೊಯ್ದುಕೊಟ್ಟವನು ಕ್ರಾಸಿನಲ್ಲಿ ಬ್ಯಾಟರಿ ರಿಪೇರಿ ಮಾಡುವ ಹಜರತಸಾಬ. ಬಣ್ಣ ಬಳಿದವನು ಗಂಗಯ್ಯ, ಎರಡೂ ಸೈನ್ಯಗಳಿಗೆ. ತನ್ನನ್ನು ಹನ್ನೊಂದು ವರ್ಷ ಹೊಡೆದು ಹಾಕಿದ ಚಾಲುಕ್ಯರ ಒಬ್ಬೊಬ್ಬನಿಗೂ ಸೂಜಿಯ ಮೊನೆಯಿಂದ ಅವನೇ ಕಣ್ಣು ಬರೆದಿದ್ದ. ನಿಯಮಗಳ ಇಂಗ್ಲಿಷ್ ಪುಸ್ತಕವನ್ನು ಸರ್ ತಾವೇ ಇನ್ನೂರು ಪುಟದ ನೋಟುಬುಕ್ಕಿಗೆ ಕನ್ನಡದಲ್ಲಿ ಇಳಿಸಿದ್ದರು. ಇಳಿಸುವಾಗ ಕುದುರೆಗಳ ಲೆಕ್ಕದಲ್ಲಿ ಸೆಂಟಿಮೀಟರನ್ನು ಇಂಚೆಂದು ಹಿಡಿದು ಕಡ್ಡಿ ಕೊಯ್ದಿದ್ದರು. ಆರು ವರ್ಷ ಆಡಿದ ಮೇಲೆ ಗಂಗಯ್ಯ ಅದನ್ನು ಕಂಡುಹಿಡಿದು ಅಂಜುತ್ತ ಹೇಳಿದಾಗ ಸರ್ ಪುಸ್ತಕ ತರಿಸಿ, ಕನ್ನಡಕ ಏರಿಸಿ, ಎರಡು ಸಲ ಓದಿ, 'ಹಂಗಾರ ಪುಸ್ತಕದಾಗ ತಪ್ಪೈತಿ' ಎಂದರು. ಹೀಗಾಗಿ ಜಗತ್ತಿನಲ್ಲಿ ಬೇರೆಲ್ಲೂ ಓಡದಷ್ಟು ಜೋರಾಗಿ ಕುದುರೆಗಳು ಮನೋಳಿಯಲ್ಲಿ ಓಡುತ್ತಿದ್ದವು. ಚಾಲುಕ್ಯರು ಯಾವಾಗಲೂ ಸರ್ ಅವರದು. ನಿಜವಾದ ಇತಿಹಾಸದಲ್ಲಿ ಪಲ್ಲವರು ಒಂದು ಸಲ ಬಂದು ವಾತಾಪಿಯನ್ನು ಹಿಡಿದು ಸುಟ್ಟು ಹೋಗಿದ್ದರು. ಸರ್ ಅವರ ಮೇಜಿನ ಮೇಲೆ ಅದಕ್ಕೆ ಅನುಮತಿ ಇರಲಿಲ್ಲ.

ನೋಟುಬುಕ್ಕಿನ ಕೊನೆಯ ಪುಟದಲ್ಲಿ ಇಂಗ್ಲಿಷ್ ಪುಸ್ತಕದಲ್ಲಿ ಇಲ್ಲದ ಒಂದು ನಿಯಮವನ್ನು ಸರ್ ಕೆಂಪು ಶಾಯಿಯಲ್ಲಿ ಸೇರಿಸಿದ್ದರು. ಸೋತವನು ಬಾಯಿ ಬಿಟ್ಟು 'ಸೋತೇನಿ' ಅನ್ನಬೇಕು. ಅನ್ನುವ ತನಕ ಹಲಗೆ ಎತ್ತುವಂತಿಲ್ಲ, ಆಟ ಮುಗಿಯುವುದಿಲ್ಲ, ಗೆದ್ದವನು ಗೆದ್ದಂತಲ್ಲ. ಗಂಗಯ್ಯ ಜಂಗಮ. ಊರಿನಲ್ಲಿ ಯಾರ ಮನೆಗೆ ಕಾಲಿಟ್ಟರೂ ತನಗಿಂತ ಹಿರಿಯರು ಎದ್ದು ನಿಲ್ಲುತ್ತಿದ್ದರು, ಬಗ್ಗಿ ಪಾದ ಮುಟ್ಟುತ್ತಿದ್ದರು. ಬಗ್ಗಿದ್ದು ಹಣೆಯ ಮೇಲಿನ ಬೂದಿಗೆ ಎಂಬುದು ಅವನಿಗೆ ಹತ್ತು ವರ್ಷದವನಿದ್ದಾಗಲೇ ತಿಳಿದಿತ್ತು. ಅದರ ಕೆಳಗೆ ಒಂದು ಮುಖ ಇದೆಯೆಂದು ಯಾರೂ ಗಮನಿಸಿದಂತಿರಲಿಲ್ಲ. ಸರ್ ಹೆಡ್‌ಮಾಸ್ತರರಾಗಿದ್ದ ಬೈಲಹೊಂಗಲದ ಸಾಲೆಯಲ್ಲಿ ಅವನು ಲೈಬ್ರರಿಯ ಕಾರಕೂನ, ಇವತ್ತಿಗೂ ಅದೇ. ಸರ್ ಮಾತ್ರ ಮೇಜಿನಾಚೆಯಿಂದ ಅವನ ಮುಖವನ್ನೇ ನೋಡುತ್ತ, ಬಹುವಚನವನ್ನು ಒಂದಿಷ್ಟೂ ಸಡಿಲಿಸದೆ, 'ಬಾಯಿ ಬಿಡ್ರಿ ಅಯ್ನಾರ. ಮನಸಿನ್ಯಾಗ ಅಂದ್ರ ನಡಿಯೂದಿಲ್ಲ' ಎನ್ನುತ್ತಿದ್ದರು. ಅವನು ಅನ್ನುತ್ತಿದ್ದ. ಒಂದೇ ಒಂದು ಸಲ ಆ ಮಾತು ಆಚೆಯಿಂದ ಈಚೆ ಬರಬೇಕು, ಆ ಬಾಯಿಂದ, ಈ ಮುಖಕ್ಕೆ. ಐವತ್ತಮೂರು ವರ್ಷಕ್ಕೆ ಅವನು ಬೇಡಿಕೊಂಡಿದ್ದರಲ್ಲಿ ಇನ್ನೂ ಸಿಗಬಹುದಾಗಿದ್ದು ಇದೊಂದೇ ಆಗಿತ್ತು, ಮತ್ತು ಸರ್ ಲಕ್ವಾ ಹೊಡೆದು ಆಸ್ಪತ್ರೆಯಲ್ಲಿದ್ದಾರೆಂಬ ಫೋನು ಬಂದ ದಿನ ಅವನ ಎದೆಯಲ್ಲಿ ಮೊದಲು ಎದ್ದದ್ದು ದುಃಖವಲ್ಲ. ಹಂಗಾದರೆ ಇನ್ನು ಆ ಮಾತು ಕೇಳುವುದಿಲ್ಲವಲ್ಲ ಎಂಬ ದಿಗಿಲು. ದುಃಖ ಆಮೇಲೆ ಬಂತು. ಬರಲಿಲ್ಲ ಅಂತಲ್ಲ.

ಬಾಗಿಲು ತೆರೆದ ಸಿದ್ದಲಿಂಗವ್ವನವರು ಬಗ್ಗಿ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಪಡಸಾಲೆಯ ತುಂಬ ಗಂಟುಗಳು, ಹಗ್ಗ ಬಿಗಿದ ಟ್ರಂಕು, ಕಾಗದ ಸುತ್ತಿದ ಪಾತ್ರೆಗಳು.

'ಬಂದ್ರಿ? ಛಲೋ ಆತು. ಮುಂಜಾನಿಂದ ಮೇಜ, ಮೇಜ ಅಂತ ಒಂದ ಸವನ ಹತ್ಯಾರ' ಎಂದರು.

'ಹೆಂಗದಾರ್ರಿ ಈಗ?'

'ಏನ ಹೇಳ್ಲಿ. ಒಂದ ಮಗ್ಗಲಾ ಅದಾರ' ಎಂದು ಅವರು ದನಿ ತಗ್ಗಿಸಿದರು. 'ಎಡಗಡೆ ಅಂಬೂದ ಇಲ್ಲ ಅವರಿಗೆ. ಕಣ್ಣು ಛಲೋ ಅದಾವಂತ, ಡಾಕ್ಟರ್ ಹೇಳ್ಯಾರ. ತಲಿಯೊಳಗ ಅದರ ನೆನಪ ಹೋಗೇತಿ ಅಂತ. ತಾಟಿನ್ಯಾಗ ಬಲಗಡೆ ಅರ್ಧಾ ರೊಟ್ಟಿ ಉಣತಾರ, ಎಡಗಡೆದ್ದು ಹಂಗ ಇರತೈತಿ. ಹಸದೇನಿ, ಇಷ್ಟ ಹಾಕೀಯಲ್ಲ ಅಂತ ನನಗ ಬೈತಾರ. ತಾಟ ತಿರುವಿ ಇಟ್ರ ಉಳದಿದ್ದ ಕಾಣತೈತಿ, ಉಣತಾರ. ನಾ ಎಡಕ್ಕ ನಿಂತು ಕರದ್ರ ಬಲಕ್ಕ ನೋಡಿ ಓ ಅಂತಾರ.'

ಗಂಗಯ್ಯ ನಾಲಿಗೆ ಲೊಚಗುಟ್ಟಿದ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, ಕೋಣೆಯ ಕಡೆ ಒಮ್ಮೆ ನೋಡಿ, ಇನ್ನೂ ಹತ್ತಿರ ಬಂದರು.

'ಅಯ್ನಾರ, ಒಂದ ಮಾತು. ಇವತ್ತ ಅವರ ಗೆಲ್ಲಲಿ.'

'ಅಂದ್ರ...'

'ನಾಳಿ ಈ ಮನಿ ಬಿಟ್ಟ ಹೊಂಟೇವಿ. ಗೆದ್ದ ಹೋದ್ರ ಜೀವಕ್ಕೊಂದೀಟು ಹುರುಪ ಇರತೈತಿ. ಡಾಕ್ಟರೂ ಅದನ್ನ ಅಂದಾರ, ಮನಸ್ಸು ಗಟ್ಟಿ ಇರಬೇಕಂತ. ನಿಮಗೇನ್ರಿ, ಸೋಲೂದು ರೂಢಿ ಐತಲ್ಲ.'

ಈ ಮಾತಿನಲ್ಲಿ ಚುಚ್ಚು ಇರಲಿಲ್ಲ. ಚುಚ್ಚು ಇದ್ದಿದ್ದರೆ ಸಹಿಸಬಹುದಿತ್ತು. ಎಮ್ಮೆ ಹಾಲು ಕೊಡುವುದನ್ನು ಹೇಳುವಂತೆ, ಬಸ್ಸು ಯರಗಟ್ಟಿಗೆ ಹೋಗುವುದನ್ನು ಹೇಳುವಂತೆ ಆ ಮುದುಕಿ ಹೇಳಿದ್ದರು. 'ಆಗಲಿ ತಾಯಿ' ಎಂದ ಗಂಗಯ್ಯ. ಅನ್ನುವಾಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದ.

ಸರ್ ಮೇಜಿನ ಮುಂದೆ ಕುರ್ಚಿಯಲ್ಲಿ ಕೂತಿದ್ದರು. ಬೆನ್ನಿಗೆ ಎರಡು ದಿಂಬು. ಎಡಗೈ ತೊಡೆಯ ಮೇಲೆ ಯಾರೋ ಮರೆತು ಬಿಟ್ಟು ಹೋದ ಚೀಲದಂತೆ ಬಿದ್ದಿತ್ತು. ಬಲಗೆನ್ನೆಯನ್ನು ತಾವೇ ನುಣ್ಣಗೆ ಬೋಳಿಸಿಕೊಂಡಿದ್ದರು. ಎಡಗೆನ್ನೆಯಲ್ಲಿ ವಾರದ ಬಿಳಿ ಗಡ್ಡ. ಎದುರಿಗೆ ನಿಂತು ನೋಡಿದ ಗಂಗಯ್ಯನಿಗೆ ಇಬ್ಬರು ಮನುಷ್ಯರನ್ನು ನಡುವೆ ಕೊಯ್ದು ಜೋಡಿಸಿದಂತೆ ಕಂಡಿತು, ಒಬ್ಬ ಹೆಡ್‌ಮಾಸ್ತರ, ಇನ್ನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಮಲಗುವವ.

'ತಡಾ ಆತು' ಎಂದರು ಸರ್. ಮಾತು ಒಂದು ಕಡೆ ಸೋರುತ್ತಿತ್ತು, ಆದರೆ ಅರ್ಥವಾಗುತ್ತಿತ್ತು.

'ಬಸ್ಸ ತಡಾರಿ ಸರ.'

'ಪಲ್ಲವರು ಯಾವಾಗಲೂ ತಡಾ ಮಾಡೇ ಬರತಾರ. ಹಚ್ಚರಿ ಇನ್ನ.'

ಎರಡೂ ಸೈನ್ಯಗಳನ್ನು ಗಂಗಯ್ಯನೇ ಹಚ್ಚಿದ. ಸರ್ ಅವರ ವ್ಯೂಹ ಅವನಿಗೆ ಬಾಯಿಪಾಠ: ಬಲಕ್ಕೆ ಆನೆಗಳು, ನಡುವೆ ಈಟಿಯವರು, ಎಡಕ್ಕೆ ಐದು ಹಲಗೆ ಕುದುರೆ, ಅವುಗಳ ಹಿಂದೆ ಎಡ ಮೂಲೆಯಲ್ಲಿ ಕೆಂಪು ಮಣ್ಣಿನ ಪುಟ್ಟ ಹೆಬ್ಬಾಗಿಲು, ಅದೇ ವಾತಾಪಿ, ಅದೇ ಪಾಳೆಯ. ಹಚ್ಚುತ್ತ ಹಚ್ಚುತ್ತ ತೊರಗಲ್ಲಿನ ಕೋಟೆಗೆ ಹುಡುಗರನ್ನು ಕರೆದುಕೊಂಡು ಹೋದ ಪ್ರವಾಸ ನೆನಪಾಯಿತು. ಕೋಟೆಯ ಬಯಲಿನಲ್ಲಿ ಸರ್ ಅರವತ್ತು ಹುಡುಗರನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ, ಬೆತ್ತ ತೋರಿಸುತ್ತ, ಇದು ಬಲ ಮಗ್ಗುಲು, ಇದು ಎಡ ಮಗ್ಗುಲು, ಎಡಗಡೆಯನ್ನು ಮರೆತ ದಂಡನಾಯಕ ಮನೆಗೆ ಹೋಗುವುದಿಲ್ಲ ಎಂದು ಪಾಠ ಹೇಳಿದ್ದರು. ಎದುರು ಸೈನ್ಯ ಬೇಕಲ್ಲ, ಅದಕ್ಕೆ ಬುತ್ತಿಗಂಟುಗಳನ್ನು ಕಾಯುತ್ತ ಕೂತಿದ್ದ ಗಂಗಯ್ಯನನ್ನು ಎಬ್ಬಿಸಿ ನಿಲ್ಲಿಸಿದ್ದರು. 'ಇವರು ಪಲ್ಲವರು. ಹೊಡೀರಿ.' ಹುಡುಗರು ಕೂಗುತ್ತ ಓಡಿ ಬಂದಿದ್ದರು. ಅವನು ನಗುತ್ತಲೇ ಓಡಿದ್ದ. ಓಡುವಾಗ ಧೋತರ ಕಾಲಿಗೆ ತೊಡರಿ ಬಿದ್ದಿದ್ದ. ಬಿದ್ದ ಮೇಲೂ ನಗುತ್ತಿದ್ದ. ಹುಡುಗರು ಹತ್ತಿರ ಬಂದು, ಬಿದ್ದವರು ಅಯ್ಯನವರೆಂದು ನೆನಪಾಗಿ, ಹೊಡೆಯುವುದು ಬಿಟ್ಟು ಕಾಲು ಮುಟ್ಟಿ ಕ್ಷಮೆ ಕೇಳಿದ್ದರು. ಅದೇ ಹೆಚ್ಚು ನೋವಾಗಿತ್ತು.

ಸರ್ ಬಲಗೈಯಿಂದ ದಾಳ ಎಸೆದರು. ಐದು. ಐದು ಹಲಗೆ ಸರಿಸಬಹುದು. ಆನೆ, ಆನೆ, ಈಟಿಯವರ ಎರಡು ಸಾಲು, ಬಲತುದಿಯ ಬಿಲ್ಲಾಳು. ಎರಡನೆಯ ಸರದಿಯಲ್ಲಿ ನಾಲ್ಕು. ಮತ್ತೆ ಆನೆ, ಆನೆ, ಈಟಿಯವರು. ಎಡಗಡೆಯ ಕುದುರೆಗಳು ಹಚ್ಚಿದಲ್ಲೇ ನಿಂತಿದ್ದವು. ಹನ್ನೊಂದು ವರ್ಷ ಗಂಗಯ್ಯನ ರವಿವಾರಗಳನ್ನು ತುಳಿದು ಹಾಕಿದ ಕುದುರೆಗಳು ಅವು, ಮೊದಲ ದಾಳಕ್ಕೇ ಹಾರಿ ಬರುತ್ತಿದ್ದವು. ಅವನು ತಲೆ ಎತ್ತಿ ಸರ್ ಅವರ ಕಣ್ಣನ್ನು ನೋಡಿದ. ಕಣ್ಣು ಬಲತುದಿಯಿಂದ ಹೊರಟು ಆನೆ, ಈಟಿ ದಾಟಿ ಮೇಜಿನ ನಡುವಿನ ತನಕ ಬಂದು, ಅಲ್ಲಿ ಗೋಡೆ ಸಿಕ್ಕಂತೆ ನಿಂತು, ಏನೂ ಕಳೆದಿಲ್ಲವೆಂಬಂತೆ ಸಮಾಧಾನವಾಗಿ ಹಿಂದಿರುಗಿತು. ಅವರ ಮಟ್ಟಿಗೆ ಹಸಿರು ಬಟ್ಟೆ ಅಲ್ಲಿಗೇ ಮುಗಿದಿತ್ತು. ವಾತಾಪಿ ಅದರಾಚೆ ಇತ್ತು. ಸಿದ್ದಲಿಂಗವ್ವನವರು ಬಾಗಿಲಲ್ಲಿ ತಮ್ಮ ದುಃಖವನ್ನು ಹೇಳಿಕೊಂಡಿದ್ದರು; ಮೇಜಿನ ತನಕ ಬರುವಷ್ಟರಲ್ಲಿ ಅದು ಗೂಢಚಾರ ತಂದ ಸುದ್ದಿಯಾಗಿತ್ತು. ಹೀಗೆ ಯೋಚಿಸಿದ್ದು ತಾನೇ ಎಂದು ತಿಳಿದು ಗಂಗಯ್ಯನ ಕಿವಿ ಬಿಸಿಯಾದವು. ಕಿವಿ ಬಿಸಿಯಾಗಿದ್ದಾಗಲೇ ಕೈ ದಾಳ ಎಸೆಯಿತು. ಆರು.

ಆಟದ ನೇಮದ ಪ್ರಕಾರ ಸರಿಸುವ ಮುಂಚೆ ಬಾಯಿಂದ ಹೇಳಬೇಕು. 'ಮೂರು ಹಲಗಿ ಕುದುರಿ, ಈ ಕಡಿಂದ ಮುಂದ' ಎಂದ ಗಂಗಯ್ಯ, ತಗ್ಗಿದ ದನಿಯಲ್ಲಿ. 'ಹೂಂ' ಎಂದರು ಸರ್, ಆನೆಗಳನ್ನು ನೋಡುತ್ತ. ಕಡ್ಡಿ ಇಟ್ಟು ಅಳೆದ. ಇಂಚೆಂದು ತಪ್ಪು ಕೊಯ್ದ ಕಡ್ಡಿ; ಮೂರು ಕುದುರೆ ಹಲಗೆಗಳು ಒಂದೇ ಏಟಿಗೆ ಬಟ್ಟೆಯ ಅಂಚು ಹಿಡಿದು ಅರ್ಧ ಮೇಜು ದಾಟಿದವು. ಇದರಲ್ಲಿ ಮೋಸ ಎಲ್ಲಿದೆ, ನೇಮದಂತೆ ಹೇಳಿದ್ದೇನೆ, ಅವರು ಹೂಂ ಅಂದಿದ್ದಾರೆ, ಎಡಗಡೆಯನ್ನು ಮರೆಯಬಾರದೆಂದು ಪಾಠ ಹೇಳಿದವರೂ ಅವರೇ, ಎಂದು ಒಬ್ಬ ಗಂಗಯ್ಯ ವಾದಿಸುತ್ತಿದ್ದ. ಇನ್ನೊಬ್ಬ ಗಂಗಯ್ಯ ವಾದಿಸುವ ಗೊಡವೆಗೇ ಹೋಗದೆ, ಉಳಿದ ದೂರಕ್ಕೆ ಎಷ್ಟು ಸರದಿ ಬೇಕೆಂದು ಎಣಿಸುತ್ತಿದ್ದ. ಸರ್ ಈ ಮನೆಯನ್ನು ಹೊಸದಾಗಿ ಕಟ್ಟಿಸಿದಾಗ ಪಾದಪೂಜೆಗೆ ಅವನನ್ನೇ ಕರೆದಿದ್ದರು. ಮಣೆಯ ಮೇಲೆ ಕೂತು ಕಾಲು ಚಾಚಿದ್ದ. ಸರ್ ಮಡಿಯುಟ್ಟು, ಬಗ್ಗಿ, ಹಿತ್ತಾಳೆಯ ಹರಿವಾಣದಲ್ಲಿ ಅವನ ಪಾದ ತೊಳೆಯುತ್ತಿದ್ದರು. ಸುತ್ತ ನೆಂಟರು ಕೈ ಮುಗಿದು ನಿಂತಿದ್ದರು. ಹೆಬ್ಬೆರಳಿನ ಸಂದಿಗೆ ನೀರು ಬಿಡುತ್ತ, ಮಂತ್ರದ ದನಿಯಲ್ಲಿಯೇ, ಅವನಿಗೊಬ್ಬನಿಗೇ ಕೇಳುವಂತೆ, 'ಮೊನ್ನಿ ಆ ಆನಿ ಯಾಕ ಒಂದ ಬಿಟ್ರಿ ಅಯ್ನಾರ? ದನಾ ಕಾಯವ ಸುದ್ದಾ ಬಿಡೂದಿಲ್ಲ' ಎಂದಿದ್ದರು. ನಗು ಬಂದಿತ್ತು. ಆ ಮನೆಯ ತುಂಬ ಜನರಲ್ಲಿ ತನ್ನ ಜೊತೆ ಮಾತಾಡಿದವರು ಅವರೊಬ್ಬರೇ ಎಂದು ಅನ್ನಿಸಿ ಕಣ್ಣು ಹನಿಗೂಡಿತ್ತು. ನೆಂಟರು ಅದನ್ನು ಭಕ್ತಿಯ ಪರವಶತೆ ಎಂದುಕೊಂಡಿದ್ದರು.

ಸರ್ ಅವರ ಆನೆಗಳು ಗಂಗಯ್ಯನ ಬಿಲ್ಲಾಳುಗಳ ಮೇಲೆ ಬಿದ್ದವು. ದಾಳ ಅವರಿಗೇ ಒಲಿಯುತ್ತಿತ್ತು. ಒಂದು ಹಲಗೆ ಸತ್ತಿತು, ಇನ್ನೊಂದು ಸತ್ತಿತು. ಸರ್ ಅವರ ಬೋಳಿಸಿದ ಅರ್ಧ ಮುಖ ಅರಳಿತು. ಗಡ್ಡದ ಅರ್ಧಕ್ಕೆ ಸುದ್ದಿ ತಲುಪಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಅವರ ಹುಬ್ಬು ಗಂಟಿಕ್ಕಿತು.

'ಅಯ್ನಾರ, ನಿಮ್ಮ ಕುದುರಿ ಎಷ್ಟ ಹಲಗಿ?'

'ಆರ ರೀ ಸರ.'

'ಮೂರ ಕಾಣಸ್ತಾವ.'

ಕೇಳಿದರೆ ನಿಜ ಹೇಳಬೇಕು. ಇದೂ ನೋಟುಬುಕ್ಕಿನಲ್ಲಿತ್ತು. ಸೈನ್ಯ ಎಲ್ಲಿದೆಯೆಂದು ಎದುರಾಳಿ ಬಾಯಿಬಿಟ್ಟು ಕೇಳಿದರೆ ಬೆರಳು ಮಾಡಿ ತೋರಿಸಬೇಕು. ನಿಂತಲ್ಲೇ ನಿಂತಿದ್ದ ಚಾಲುಕ್ಯ ಕುದುರೆಗಳನ್ನು ಬಳಸಿ ಬಂದ ಅವನ ಮೂರು ಬಿಳಿ ಕುದುರೆ ಹಲಗೆಗಳು ಸರ್ ಅವರ ಎಡ ಮೊಣಕೈಯಿಂದ ಒಂದು ಗೇಣು ದೂರದಲ್ಲಿ ನಿಂತಿದ್ದವು. ಅವರು ಕತ್ತು ಒಂದಿಷ್ಟು ಹೊರಳಿಸಿದ್ದರೆ ಸಾಕಿತ್ತು. ಹೊರಳಿಸುವುದಿಲ್ಲವೆಂದು ಗೊತ್ತಿತ್ತು. ಗೊತ್ತಿದ್ದುಕೊಂಡೂ ಗಂಗಯ್ಯ ತಾನೂ ಆ ಕಡೆ ನೋಡಲಿಲ್ಲ.

'ಹಿಂದ ಇಟ್ಟೇನ್ರಿ' ಎಂದ.

'ಹಿಂದ?' ಎಂದರು ಸರ್. ಅವನ ಮುಖವನ್ನು, ಅಥವಾ ಅವರಿಗೆ ಕಾಣುತ್ತಿದ್ದ ಅರ್ಧ ಮುಖವನ್ನು, ಬಹಳ ಹೊತ್ತು ನೋಡಿದರು. ಸಾಲೆಯಲ್ಲಿ ಲೈಬ್ರರಿಯ ಪುಸ್ತಕ ಹರಿದ ಹುಡುಗನನ್ನು ಹೀಗೆ ನೋಡುತ್ತಿದ್ದರು. ಹುಡುಗ ಒಪ್ಪಿಕೊಳ್ಳುವ ತನಕ ನೋಡುತ್ತಿದ್ದರು. ಗಂಗಯ್ಯ ಒಪ್ಪಿಕೊಳ್ಳುವುದಕ್ಕೆ ಬಾಯಿ ತೆರೆದ. ಆದರೆ ಸರ್ ಅಷ್ಟರಲ್ಲಿ ನಿಟ್ಟುಸಿರು ಬಿಟ್ಟು, 'ಇಷ್ಟ ವರ್ಷ ಆದ್ರೂ ಕುದುರಿ ಹಿಂದ ಇಡೂದ ಬಿಡಲಿಲ್ಲ ನೀವು. ನಿಮಗ ಕಲಿಸಿ ಕಲಿಸಿ ನನಗ ಲಕ್ವಾ ಹೊಡೀತು' ಎಂದರು. ತೆರೆದ ಬಾಯಿಯನ್ನು ಗಂಗಯ್ಯ ಮುಚ್ಚಿದ. ಆ ಕ್ಷಣದಲ್ಲಿ, ಅಷ್ಟೇ ಹೊತ್ತು, ಅವನಿಗೆ ಸರ್ ಮೇಲೆ ಎಂತಹ ಸಿಟ್ಟು ಬಂತೆಂದರೆ ಲಕ್ವಾ ಅವರಿಗೆ ಸರಿಯಾದ ಕಡೆಗೇ ಹೊಡೆದಿದೆ ಅನ್ನಿಸಿತು.

ಸಿದ್ದಲಿಂಗವ್ವನವರು ಚಹಾ ತಂದರು. ಕಪ್ಪನ್ನು ಗಂಡನ ಬಲಗಡೆ ಇಟ್ಟು, ಅವನ ಕಪ್ಪನ್ನು ಕೊಡಲು ಈ ಕಡೆ ಬಂದವರು ಮೇಜು ನೋಡಿ ನಿಂತರು. ಅವರಿಗೆ ಆಟ ತಿಳಿಯುತ್ತಿರಲಿಲ್ಲ. ಆದರೆ ಹನ್ನೊಂದು ವರ್ಷ ಆ ಮೇಜಿನ ಧೂಳು ಒರೆಸಿದವರಿಗೆ ಕೆಂಪು ಹೆಬ್ಬಾಗಿಲಿನ ಹತ್ತಿರ ಬಿಳಿ ಕುದುರೆಗಳನ್ನು ಯಾವತ್ತೂ ಕಂಡ ನೆನಪಿರಲಿಲ್ಲ. ಅವರು ಕುದುರೆಗಳನ್ನು ನೋಡಿದರು, ಗಂಡನನ್ನು ನೋಡಿದರು, ಗಂಡನ ಎಡಗಡೆಯನ್ನು ನೋಡಿದರು. ಗಂಗಯ್ಯ ಕಪ್ಪಿಗೆ ಕೈ ಚಾಚಿದ. ಅವರು ತಕ್ಷಣ ಕೊಡಲಿಲ್ಲ.

'ಯಾರ ಗೆಲ್ಲಾಕ ಹತ್ಯಾರ?' ಎಂದು ಕೇಳಿದರು, ಯಾರನ್ನೂ ಕೇಳದ ಹಾಗೆ.

'ಅದೇನ ಕೇಳ್ತಿ, ಆನಿ ನೋಡ ಎಲ್ಲಿ ಅದಾವ' ಎಂದರು ಸರ್.

'ಅಯ್ನಾರ, ಚಾ ಆರತೈತಿ' ಎಂದು ಅವರು ಕಪ್ಪನ್ನು ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದರು. ಯಾವತ್ತೂ ಅವನಿಗೆ ಎರಡು ಕೈಯಿಂದ ಕೊಡುತ್ತಿದ್ದರು. ಗಂಗಯ್ಯ ಚಹಾ ಮುಟ್ಟಲಿಲ್ಲ. ಇನ್ನೂ ಹಿಂದಕ್ಕೆ ತರಬಹುದು. ಮೂರು ಹಲಗೆಗಳನ್ನು ತಿರುಗಿಸಿ, ಮುಂದಿನ ಸರದಿಯಲ್ಲಿ ಮರಳಿ ತಂದು, ಆನೆಗಳ ಕಾಲಿಗೆ ಹಾಕಿ, ಎಂದಿನಂತೆ 'ಸೋತೇನಿ' ಅಂದು, ಮೂರೂವರೆಯ ಬಸ್ಸು ಹಿಡಿಯಬಹುದು. ನಾಳೆ, ನಾಡಿದ್ದು, ಸಾಯುವ ತನಕ ಪ್ರತಿ ರವಿವಾರ ಮನೆಯಲ್ಲಿ ಕೂತು ಆ ಬಸ್ಸಿನ ಬಗ್ಗೆ ಯೋಚಿಸಬಹುದು. ಅವನು ದಾಳ ಎಸೆದ. ಎರಡು ಬಿದ್ದಿತು. ಎರಡು ಸಾಕಾಗಿತ್ತು. ಒಂದು ಹಲಗೆ ಹೆಬ್ಬಾಗಿಲಿಗೆ ತಾಗಿ ನಿಂತಿತು, ಇನ್ನೊಂದು ಅದರ ಬೆನ್ನಿಗೆ.

ಪಾಳೆಯದ ಕಾವಲಿನ ದಾಳ ಪಾಳೆಯದವನೇ ಎಸೆಯಬೇಕು.

'ಸರ, ಒಂದ ದಾಳ ಎಸೀರಿ.'

'ಯಾತರದು?'

'ನಿಮ್ಮ ಪಾಳೇದ್ದು. ನಾ ಬಂದೇನ್ರಿ.'

ಸರ್ ನಕ್ಕರು. ಅರ್ಧ ನಗು, ಆದರೆ ತುಂಬು ನಗು. 'ಬರ್ರಿ, ಬರ್ರಿ. ಪಾದ ತೊಳೀಲೇನು?' ಎಂದು, ಮಕ್ಕಳ ಹಟಕ್ಕೆ ಒಪ್ಪಿದವರಂತೆ ದಾಳ ಎತ್ತಿ ಎಸೆದರು. ಎರಡು. ಗಂಗಯ್ಯ ಎಸೆದ. ದಾಳ ಬಟ್ಟೆಯ ಮೇಲೆ ಉರುಳಿ, ಈಟಿಯವನೊಬ್ಬನಿಗೆ ತಾಗಿ, ಐದರಲ್ಲಿ ನಿಂತಿತು.

ವಾತಾಪಿ ಬಿತ್ತು. ಹೊರಗೆ ಓಣಿಯಲ್ಲಿ ಪ್ಲಾಸ್ಟಿಕ್ ಸಾಮಾನಿನವನು ಕೂಗುತ್ತ ಹೋದ. ಹನ್ನೊಂದು ವರ್ಷ ಈ ಹೊತ್ತು ಹೇಗಿರುತ್ತದೆಂದು ಗಂಗಯ್ಯ ನೂರು ಬಗೆಯಲ್ಲಿ ಕಲ್ಪಿಸಿಕೊಂಡಿದ್ದ. ಎಲ್ಲ ಬಗೆಯಲ್ಲೂ ಸರ್ ಅವರ ಮುಖ ಒಂದೇ ರೀತಿ, ನಿಧಾನವಾಗಿ, ಕೆಳಗಿಳಿದು ಹೆಬ್ಬಾಗಿಲನ್ನು ನೋಡಿ, ಮೇಲೆದ್ದು ಅವನನ್ನು ನೋಡುತ್ತಿತ್ತು. ಸರ್ ಆನೆಯೊಂದರ ಸೊಂಡಿಲನ್ನು ಬೆರಳಿನಿಂದ ಸವರುತ್ತಿದ್ದರು. ಮುಂದಿನ ಸರದಿಗೆ ದಾಳ ಕೈಗೆತ್ತಿಕೊಂಡರು.

'ಸರ, ಮುಗೀತ್ರಿ' ಎಂದ ಗಂಗಯ್ಯ.

'ಹೌದು. ನಿಮ್ಮ ಬಿಲ್ಲಾಳು ಎಲ್ಲಾ ಹೋದವು. ಬಾಯಿ ಬಿಡ್ರಿ ಅಯ್ನಾರ.'

'ಹಂಗಲ್ಲರಿ. ನಿಮ್ಮ ಪಾಳೆ ಹೋತು. ನೀವು ಅನ್ನಬೇಕು.'

'ನನ್ನ ಪಾಳೆ?' ಸರ್ ಅವರ ಕಣ್ಣು ಬಲತುದಿಯಿಂದ ಹೊರಟು, ನಡುವಿಗೆ ಬಂದು, ನಿಂತು, ಹಿಂದೆ ಹೋಯಿತು. 'ಪಾಳೆ ಎಲ್ಲಿ ಹೋತು?'

'ಎಡಕ್ಕರಿ ಸರ. ಎಡಕ್ಕ ನೋಡ್ರಿ.'

'ನೋಡಿದ್ನಲ್ಲ.'

'ಇನ್ನೂ ಎಡಕ್ಕ.'

'ಇನ್ನೂ ಅಂದ್ರ ಏನಿಲ್ಲ ಅಲ್ಲಿ' ಎಂದರು ಸರ್. ಸಿಟ್ಟಿನಿಂದಲ್ಲ, ಭೂಗೋಳದ ಪಾಠದಲ್ಲಿ ಸಮುದ್ರದ ಆಚೆ ಏನಿದೆಯೆಂದು ಕೇಳಿದ ಹುಡುಗನಿಗೆ ಹೇಳುವಂತೆ.

ಗಂಗಯ್ಯ ಹೆಬ್ಬಾಗಿಲನ್ನು ಎತ್ತಿ ಅವರ ಬಲಗಣ್ಣಿನ ಮುಂದೆ ಹಿಡಿಯಬಹುದಿತ್ತು. ಆದರೆ 'ಸೋತೇನಿ' ಅನ್ನುವ ತನಕ ಮೇಜಿನ ಮೇಲಿನ ಏನನ್ನೂ ಎತ್ತುವಂತಿಲ್ಲ. ಎತ್ತಿ ತೋರಿಸಿದರೆ, ಯಾರಾದರೂ ಯಾವ ಪಾಳೆಯವನ್ನಾದರೂ ಎತ್ತಿ ತೋರಿಸಬಹುದು, ಅದು ಗೆದ್ದಂತಲ್ಲ. ಸಿದ್ದಲಿಂಗವ್ವ ತಾಟು ತಿರುಗಿಸುವಂತೆ ಮೇಜು ತಿರುಗಿಸುವ ಹಾಗಿರಲಿಲ್ಲ, ಬಾಗಿಲಿನ ಹಲಗೆ ಅದು, ನಾಲ್ಕು ಜನ ಬೇಕು. ಅವನು ಎದ್ದ. ಮೇಜು ಸುತ್ತಿ, ಗೋಡೆಗೂ ಮೇಜಿನ ತುದಿಗೂ ನಡುವೆ ಇದ್ದ ಒಬ್ಬಾಳಿನ ಸಂದಿಯಲ್ಲಿ ಅಡ್ಡಡ್ಡ ತೂರಿ, ಸರ್ ಅವರ ಎಡಗಡೆ ಹೋಗಿ ನಿಂತ. ಬಗ್ಗಿ, ಹೆಬ್ಬಾಗಿಲಿನ ಮೇಲೆ ಬೆರಳಿಟ್ಟು, 'ಇಲ್ಲಿ ಸರ. ಇಲ್ಲಿ' ಎಂದ. ಆ ಗಡ್ಡದ ಕೆನ್ನೆ ಅವನ ಮುಖದಿಂದ ಒಂದು ಗೇಣು ದೂರದಲ್ಲಿತ್ತು, ಬೂದಿ ಬಣ್ಣದ ಕೂದಲುಗಳನ್ನು ಎಣಿಸಬಹುದಿತ್ತು. 'ಇಲ್ಲಿ ನೋಡ್ರಿ ಸರ, ನಾ ಇಲ್ಲೇ ಅದೇನಿ. ಒಮ್ಮೆ ನೋಡ್ರಿ. ಒಮ್ಮೆ ಅನ್ನರಿ, ಮತ್ತೇನ ಕೇಳೂದಿಲ್ಲ.' ತನ್ನ ದನಿ ಬೇಡುತ್ತಿರುವುದು ಅವನಿಗೆ ಕೇಳಿಸಿತು. ಮನೆಮನೆಗೆ ಭಿಕ್ಷಕ್ಕೆ ಹೋಗುತ್ತಿದ್ದ ಅವನ ಅಜ್ಜ ಕೂಡ ಇಂಥ ದನಿಯಲ್ಲಿ ಬೇಡಿರಲಿಲ್ಲ.

ಸರ್ ತಲೆ ಎತ್ತಿ ಎದುರಿಗೆ ನೋಡಿದರು. ಎದುರಿನ ಕುರ್ಚಿ ಖಾಲಿ ಇತ್ತು. ಬಲಕ್ಕೆ ಹೊರಳಿ ಬಾಗಿಲಿನ ಕಡೆ ನೋಡಿದರು.

'ಅಯ್ನಾರ?' ಎಂದು ಬಲಕ್ಕೆ ಕರೆದರು.

'ಇಲ್ಲಿ ಸರ' ಎಂದ ಗಂಗಯ್ಯ ಅವರ ಎಡಗಿವಿಯ ಹತ್ತಿರ. ಅವರು ಇನ್ನಷ್ಟು ಬಲಕ್ಕೆ ಹೊರಳಿದರು.

'ಸಿದ್ದವ್ವಾ' ಎಂದು ಕೂಗಿದರು. ಸಿದ್ದಲಿಂಗವ್ವನವರು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. 'ಅಯ್ನಾರು ಎದ್ದು ಹೋದ್ರೇನ? ದನಿ ಕೇಳಿಸಿದಂಗ ಆಕ್ಕೈತಿ, ಮನಶ್ಯಾ ಕಾಣವಲ್ಲ. ಸೋತೇನಿ ಅನ್ನದ ಹೋದ್ರ ಹೆಂಗ? ಇಷ್ಟ ವರ್ಷದಾಗ ಒಂದ ಸಲ ಹಂಗ ಹೋದವರಲ್ಲ.'

ಸಿದ್ದಲಿಂಗವ್ವನವರು ಬಾಗಿಲಲ್ಲಿ ನಿಂತು, ಗಂಡನ ತಲೆಯ ಮೇಲಿಂದ ಗಂಗಯ್ಯನನ್ನು ನೋಡಿದರು. ಬಗ್ಗಿದವನು ಬಗ್ಗಿದಂತೆಯೇ ಇದ್ದ, ಬೆರಳು ಹೆಬ್ಬಾಗಿಲ ಮೇಲೇ ಇತ್ತು. ಅವನು ಅವರಿಗೆ ತಲೆಯಾಡಿಸಿದ, ಬೇಡವೆಂದೋ ಹೇಳಿರೆಂದೋ ಅವನಿಗೇ ತಿಳಿಯಲಿಲ್ಲ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಪಾದ ಮುಟ್ಟುವಾಗ ಇರುತ್ತಿದ್ದ ಮುಖವೇ ಅದು, ಹಣೆಯನ್ನು ನೋಡುವ ಮುಖ.

'ಹೂಂ, ಹೋದ್ರು' ಎಂದರು. 'ಬಸ್ಸಿನ ಹೊತ್ತಾಗಿತ್ತು. ಸೋತೇನಿ ಅಂತ ನನಗ ಹೇಳಿ ಹೋದ್ರು.'

'ನಿನಗ ಹೇಳಿದ್ರ?' ಸರ್ ಕೈಯಲ್ಲಿದ್ದ ದಾಳವನ್ನು ಬಟ್ಟೆಯ ಮೇಲಿಟ್ಟರು. 'ನಾಚಿಕಿ ಆಗಿರಬೇಕು. ನಡೀತೈತಿ.' ಬಲಗೈ ಚಾಚಿ ಆನೆಗಳನ್ನು ಒಂದೊಂದಾಗಿ ಎತ್ತಿ ತಮ್ಮ ಡಬ್ಬಿಗೆ ಹಾಕತೊಡಗಿದರು. ಸಿದ್ದಲಿಂಗವ್ವನವರು ಅವರ ಬಲಕ್ಕೆ ಸ್ಟೂಲು ಎಳೆದುಕೊಂಡು ಕೂತು, ಉಮಾಶ್ರೀ ನಾಳೆ ಎಷ್ಟು ಹೊತ್ತಿಗೆ ಬರುತ್ತಾಳೆ, ಗಾಡಿಯಲ್ಲಿ ಯಾವ ಗಂಟು ಮೊದಲು ಹಾಕಬೇಕು ಎಂದು ಹೇಳತೊಡಗಿದರು. ಸರ್ ಹೂಂ ಅನ್ನುತ್ತಿದ್ದರು. ಅವರ ದನಿಯಲ್ಲಿ ಹುರುಪಿತ್ತು.

ಗಂಗಯ್ಯ ಸಂದಿಯಲ್ಲಿ ನಿಂತೇ ಇದ್ದ. ಸೊಂಟ ಹಿಡಿದುಕೊಂಡಿತ್ತು, ನೆಟ್ಟಗಾಗುವ ಧೈರ್ಯ ಬರಲಿಲ್ಲ. ಉಸಿರಾಟ ಕೇಳಿಸೀತೆಂದು ಬಾಯಿಯಿಂದ ಉಸಿರಾಡುತ್ತಿದ್ದ. ನೇರ ನಡೆದು ಹೋದರೆ ಸರ್ ಅವರ ಮುಂದಿನಿಂದ ಹೋಗಬೇಕು; ಹಿಂದಿನಿಂದ ಹೋದರೂ ಕೊನೆಗೆ ಅವರ ಕಣ್ಣೆದುರೇ ಹೊಸ್ತಿಲು ದಾಟಬೇಕು; ದಾಟಿದರೆ ಅವರು ಅವನನ್ನು ನೋಡುತ್ತಾರೆ, ಪೂರ್ತಿ, ತಲೆಯಿಂದ ಕಾಲಿನ ತನಕ, ಇಷ್ಟು ಹೊತ್ತು ಎಲ್ಲಿದ್ದಿರಿ ಎಂದು ಕೇಳುತ್ತಾರೆ. ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಅದು ಬಲಗಡೆ ಇತ್ತು.